ಇಪ್ಪತ್ತಡಿ ಎತ್ತರದ ವಿದ್ಯಾರ್ಥಿನಿಗೆ ಒಂದು ಸೀಟು

ಕಾಲೇಜಿನ ಸಮಾನ ಅವಕಾಶ ಮತ್ತು ಒಳಗೊಳ್ಳುವಿಕೆ ಸಮಿತಿಯ ಅಧ್ಯಕ್ಷರ ಸನ್ನಿಧಾನಕ್ಕೆ,

ಮಾನ್ಯರೇ,

ಇದೇ ಜೂನ್ ಮೂರನೇ ತಾರೀಕು ಮಂಗಳವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ, ತಮ್ಮ ಕಾಲೇಜಿನ ಪ್ರವೇಶ ವಿಭಾಗದ ಎರಡನೇ ಕಿಟಕಿಯಲ್ಲಿ, ಸಂಜೆ ತರಗತಿಯ ಬಿ.ಎಸ್ಸಿ. ಪದವಿಗೆ ನನ್ನ ಅಕ್ಕ ಹಾಕಿದ್ದ ಅರ್ಜಿಯನ್ನು ತಿರಸ್ಕರಿಸಲಾಯಿತು. ಆರನೇ ತಾರೀಕು ಶುಕ್ರವಾರ ಅದೇ ಕಿಟಕಿಯ ಮೇಲಿನ ಗೋಡೆಗೆ, ಬಿಳಿ ಕೋಟು ತೊಟ್ಟ ಅದೇ ಅಕ್ಕನ ಇಪ್ಪತ್ತಡಿ ಎತ್ತರದ ಚಿತ್ರವನ್ನು, 'ನಾನೂ ಇಲ್ಲಿಯ ವಿದ್ಯಾರ್ಥಿನಿ. ಇಲ್ಲಿ ಎಲ್ಲರಿಗೂ ಜಾಗವಿದೆ' ಎಂಬ ಬರಹದೊಂದಿಗೆ ಏರಿಸಲಾಯಿತು. ಒಬ್ಬ ಹೆಂಗಸನ್ನು ಬಾಗಿಲಿನಿಂದ ಹೊರಗೆ ಕಳುಹಿಸಿ, ಮೂರೇ ದಿನದಲ್ಲಿ ಗೋಡೆಯ ಮೇಲೆ ಹತ್ತಿಸಿದ ಈ ದಕ್ಷತೆಗೆ ಮೊದಲು ನನ್ನ ಅಭಿನಂದನೆಗಳನ್ನು ಸ್ವೀಕರಿಸಬೇಕಾಗಿ ಪ್ರಾರ್ಥನೆ.

ನಾನು ತಮಗೆ ಅಪರಿಚಿತನಲ್ಲ. ಕಾಲೇಜಿನ ಹಿಂಬದಿಯ ಬೀದಿಯಲ್ಲಿ ನನ್ನದೊಂದು ಬೈಂಡಿಂಗ್ ಅಂಗಡಿ ಇದೆ. ತಮ್ಮ ವಾರ್ಷಿಕ ವರದಿಗಳನ್ನು ಇಪ್ಪತ್ತೆರಡು ವರ್ಷಗಳಿಂದ ಹೊಲಿದು ರಟ್ಟು ಕಟ್ಟುತ್ತಿರುವವನು ನಾನೇ. ಓದದೆ ಹೊಲಿಯುವ ಅಭ್ಯಾಸ ನನಗಿಲ್ಲವಾದ್ದರಿಂದ, ಆ ವರದಿಗಳನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿರುವ ಏಕೈಕ ವ್ಯಕ್ತಿಯೂ ನಾನೇ ಇರಬೇಕೆಂದು ಅನುಮಾನ. ಈ ಅವಧಿಯಲ್ಲಿ ತಮ್ಮ ಸಮಿತಿಯ ಹೆಸರು ನಾಲ್ಕು ಸಲ ಬದಲಾಗಿದೆ, ಕೋಣೆ ಎರಡು ಸಲ ಬದಲಾಗಿದೆ. ಆದರೆ 'ಎಲ್ಲ ವರ್ಗದವರನ್ನೂ ಒಳಗೊಳ್ಳುವ ನಿಟ್ಟಿನಲ್ಲಿ ಸೂಕ್ತ ಕ್ರಮ ಕೈಗೊಳ್ಳಲಾಗುತ್ತಿದೆ' ಎಂಬ ವಾಕ್ಯ ಮಾತ್ರ ಇಪ್ಪತ್ತೆರಡು ವರ್ಷವೂ ಕದಲದೆ ತನ್ನ ಪುಟದಲ್ಲಿ ಕೂತಿದೆ. ಸಮಿತಿಯ ಏಳು ಸದಸ್ಯರೂ ಒಂದೇ ಬ್ಯಾಚಿನವರು, ಒಂದೇ ಹಾಸ್ಟೆಲಿನವರು. ಸಮೂಹಚಿತ್ರದಲ್ಲಿ ಏಳೂ ಜನ ಒಂದೇ ಬಗೆಯ ಮೀಸೆ ಬಿಟ್ಟಿದ್ದಾರೆ. ವೈವಿಧ್ಯವೇ ಇಲ್ಲವೆಂದು ಹೇಳಿದರೆ ತಪ್ಪಾದೀತು, ಒಬ್ಬರು ಕನ್ನಡಕ ಹಾಕಿಲ್ಲ.

ಇನ್ನು ಅಕ್ಕನ ವಿಚಾರ. ಅವಳಿಗೆ ಐವತ್ತೆರಡು ವರ್ಷ. ತಮ್ಮ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷಗಳಿಂದ ಗಾಜು ತೊಳೆಯುವ ಅಟೆಂಡರ್. ಹತ್ತನೇ ತರಗತಿ ಮುಗಿದ ವರ್ಷ ಅಪ್ಪ ಹಾಸಿಗೆ ಹಿಡಿದರು. ಮನೆಯಲ್ಲಿ ಒಬ್ಬರ ಓದಿಗಷ್ಟೇ ಜಾಗವಿತ್ತು, ಅದು ನನಗೆ ಸಿಕ್ಕಿತು. ಹೋದ ವರ್ಷ ಅವಳು ಮನೆಯಲ್ಲೇ ಓದಿ ಹನ್ನೆರಡನೇ ತರಗತಿಯ ಪರೀಕ್ಷೆಯನ್ನು ಪಾಸು ಮಾಡಿದಳು, ರಸಾಯನಶಾಸ್ತ್ರದಲ್ಲಿ ನೂರಕ್ಕೆ ತೊಂಬತ್ತೊಂದು. ಇದರಲ್ಲಿ ಆಶ್ಚರ್ಯವೇನಿಲ್ಲ. ಹೊಸ ಹುಡುಗಿಯರು ಬ್ಯುರೆಟ್ಟಿನ ನಲ್ಲಿ ತಿರುಗಿಸುತ್ತ ಪಾಠ ಮಾಡಿದವರ ಮುಖ ನೋಡುವುದಿಲ್ಲ, ಮೂಲೆಯ ತೊಟ್ಟಿಯ ಬಳಿ ನಿಂತ ಅಕ್ಕನ ಮುಖ ನೋಡುತ್ತಾರೆ. ಅವಳು ಸೋಪು ನೊರೆಯ ಕೈಯಲ್ಲೇ "ಗುಲಾಬಿ ಬಣ್ಣ ಜಾಸ್ತಿಯಾಯ್ತು ಕಣೇ, ಚೆಲ್ಲಿ ಮತ್ತೆ ಶುರು ಮಾಡು" ಎಂದರೆ ಅದೇ ಅಂತಿಮ ತೀರ್ಪು.

ತಿರಸ್ಕಾರಕ್ಕೆ ಕೊಟ್ಟ ಕಾರಣ ಹನ್ನೊಂದನೇ ನಿಯಮ: ಎರಡು ತರಗತಿಗಳ ನಡುವೆ ಐದು ವರ್ಷಕ್ಕಿಂತ ಹೆಚ್ಚು ಅಂತರ ಇರಕೂಡದು. ಅಕ್ಕನ ಲೆಕ್ಕದಲ್ಲಿ ಅದು ಮೂವತ್ತನಾಲ್ಕು ವರ್ಷವಾಗುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಅಂತರವನ್ನು ಮೊನ್ನೆ ನಾನೇ ಹೋಗಿ ಅಳೆದು ಬಂದೆ. ಗಾಜು ತೊಳೆಯುವ ತೊಟ್ಟಿಯಿಂದ ತರಗತಿಯ ಬಾಗಿಲಿಗೆ ಹದಿನಾಲ್ಕು ಹೆಜ್ಜೆ. ಇಪ್ಪತ್ತಾರು ವರ್ಷ ಆ ಬಾಗಿಲಿನಿಂದ ಹೊರಬಂದ ಪಾಠವೆಲ್ಲ ಅವಳ ಕಿವಿಗೆ ಬಿದ್ದಿದೆ, ಮತ್ತು ತಮ್ಮ ಬಹುಪಾಲು ವಿದ್ಯಾರ್ಥಿಗಳಿಗೆ ಹೋಲಿಸಿದರೆ ಅವಳ ಹಾಜರಾತಿ ತುಂಬ ಉತ್ತಮ.

ಚಿತ್ರ ತೆಗೆದ ದಿನದ ವೃತ್ತಾಂತವನ್ನೂ ದಾಖಲೆಗಾಗಿ ಹೇಳಿಬಿಡುತ್ತೇನೆ. ಅದು ಬೇಸಿಗೆ ರಜೆ. ವಿದ್ಯಾರ್ಥಿಗಳೆಲ್ಲ ಊರಿಗೆ ಹೋಗಿದ್ದರು, ತಮಗೆ ಮಾತ್ರ ವೈವಿಧ್ಯ ತುರ್ತಾಗಿ ಬೇಕಾಗಿತ್ತು. ಸಮಿತಿಯ ಪಟ್ಟಿಯಲ್ಲಿ ವಯಸ್ಸಾದ ವಿದ್ಯಾರ್ಥಿನಿ ಒಬ್ಬರು, ವಿದೇಶಿ ಸಂಶೋಧಕ ಒಬ್ಬರು, ಅಂಗವಿಕಲ ವಿದ್ಯಾರ್ಥಿ ಒಬ್ಬರು ಎಂದು ಬರೆದಿತ್ತಂತೆ. ತೋಟದ ಮಾಲಿಗೆ ಟೈ ಕಟ್ಟಿ ವಿದೇಶಿ ಸಂಶೋಧಕನನ್ನಾಗಿ ಮಾಡಲಾಯಿತು. ಎರಡನೇ ಕಿಟಕಿಯ ಗುಮಾಸ್ತರನ್ನು ಆರೋಗ್ಯ ಕೊಠಡಿಯ ಗಾಲಿಕುರ್ಚಿಯಲ್ಲಿ ಕೂರಿಸಲಾಯಿತು. ಚಿತ್ರ ಮುಗಿದ ಮೇಲೆ ಅವರೇ ಎದ್ದು, ಮಾಲಿಯ ಸಹಾಯ ಪಡೆದು ಆ ಕುರ್ಚಿಯನ್ನು ಮೆಟ್ಟಿಲ ಮೇಲೆ ಹೊತ್ತುಕೊಂಡು ಹೋದರು, ಏಕೆಂದರೆ ಗಾಲಿಕುರ್ಚಿ ಇಡುವ ಕೊಠಡಿಗೆ ಗಾಲಿಕುರ್ಚಿ ಹೋಗುವ ದಾರಿ ತಮ್ಮ ಕಾಲೇಜಿನಲ್ಲಿ ಇನ್ನೂ ಆಗಿಲ್ಲ. ಅಕ್ಕನಿಗೆ ಮಾತ್ರ "ಲ್ಯಾಬ್ ರೆಕಾರ್ಡಿಗೆ ಒಂದು ಫೋಟೋ ಬೇಕು" ಎಂದಷ್ಟೇ ಹೇಳಿ, ಯಾರದೋ ಬಿಳಿ ಕೋಟು ತೊಡಿಸಿ ನಿಲ್ಲಿಸಿದರು. "ಆಂಟಿ, ಸ್ವಲ್ಪ ಓದಿರೋರ ಥರ ನಗಿ" ಎಂದನಂತೆ ಫೋಟೋದವನು. "ಓದಿರೋರು ನಗೋದನ್ನ ನಾನು ಈ ಲ್ಯಾಬಲ್ಲಿ ನೋಡೇ ಇಲ್ಲವಲ್ಲಪ್ಪ" ಎಂದಳಂತೆ ಇವಳು. ಆ ಇಡೀ ಹೋರ್ಡಿಂಗಿನಲ್ಲಿ ಸುಳ್ಳಲ್ಲದ್ದು ಒಂದೇ ಒಂದು, ಅವಳು ಗಾಜಿನ ಪಾತ್ರೆ ಹಿಡಿದಿರುವ ರೀತಿ.

ಇಷ್ಟಾದರೂ ನಾನು ಸುಮ್ಮನಿದ್ದೆ. ತರಕಾರಿಯವಳು "ಏನಕ್ಕಾ, ಕಾಲೇಜ್ ಸೇರಿಬಿಟ್ರಂತೆ!" ಎಂದು ಒಂದು ನಿಂಬೆಹಣ್ಣು ಜಾಸ್ತಿ ಹಾಕಿದಾಗಲೂ ಸುಮ್ಮನಿದ್ದೆ. ಗೇಟಿನ ಕಾವಲಿನವನು "ಸ್ಟೂಡೆಂಟಮ್ಮಾ, ಐಡಿ ಕಾರ್ಡ್ ಎಲ್ಲಿ?" ಎಂದು ದಿನಾ ಗೇಲಿ ಮಾಡತೊಡಗಿ, ಅಕ್ಕ ಇಪ್ಪತ್ತಾರು ವರ್ಷ ನಡೆದ ಮುಂಬಾಗಿಲು ಬಿಟ್ಟು ಕಸದ ಗಾಡಿ ಬರುವ ಹಿಂಬಾಗಿಲಿನಿಂದ ಕೆಲಸಕ್ಕೆ ಹೋಗತೊಡಗಿದಾಗ ಮಾತ್ರ ಸುಮ್ಮನಿರುವುದು ಕಷ್ಟವಾಯಿತು. ಆಮೇಲೆ, ಹದಿನೆಂಟನೇ ತಾರೀಕು, ಟೈಲರಮ್ಮ ಒಬ್ಬಳು ಬಂದಳು.

ಟೈಲರಮ್ಮನಿಗೆ ನಲವತ್ತಮೂರು. ಬಸ್ಸಿನಲ್ಲಿ ಹೋಗುವಾಗ ಹೋರ್ಡಿಂಗ್ ನೋಡಿ, ಮುಂದಿನ ನಿಲ್ದಾಣದಲ್ಲೇ ಇಳಿದು, ವಾಪಸು ನಡೆದು ಬಂದು ಅರ್ಜಿ ತುಂಬಿದವಳು. ಎರಡನೇ ಕಿಟಕಿಯಲ್ಲಿ ಹನ್ನೊಂದನೇ ನಿಯಮ ತೋರಿಸಿದಾಗ ಅವಳು ಮೇಲೆ ಬೆರಳು ಮಾಡಿ, "ಆ ಅಕ್ಕಂಗೆ ನನಗಿಂತ ಹತ್ತು ವರ್ಷ ಜಾಸ್ತಿನೇ ಇರಬೇಕಲ್ಲ ಸ್ವಾಮಿ, ಅವರಿಗೆ ಕೊಟ್ಟಿದ್ದು ನನಗ್ಯಾಕಿಲ್ಲ?" ಎಂದು ಕೇಳಿದಳು. ಗುಮಾಸ್ತರು ಕಿಟಕಿಯಿಂದ ತಲೆ ಹೊರಗೆ ಹಾಕಿ ಮೇಲೆ ನೋಡಿದರು. ಅಕ್ಕನ ಪಕ್ಕದಲ್ಲೇ, ಗಾಲಿಕುರ್ಚಿಯಲ್ಲಿ, ಆ ಗುಮಾಸ್ತರೇ ನಗುತ್ತ ಕೂತಿದ್ದರು. ಆ ಚಿತ್ರ ಸುಳ್ಳೆಂದು ಹೇಳಬೇಕಾದರೆ ಮೊದಲು ಯಾರು ಎದ್ದು ನಿಲ್ಲಬೇಕು ಎಂಬುದು ಅವರಿಗೆ ಹೊಳೆದಿರಬೇಕು. 'ಪೂರ್ವನಿದರ್ಶನದ ಆಧಾರದ ಮೇಲೆ ಪರಿಗಣಿಸಲಾಗಿದೆ' ಎಂದು ಬರೆದು ಮುದ್ರೆ ಒತ್ತಿಬಿಟ್ಟರು. ಇಪ್ಪತ್ತೆರಡು ವರ್ಷಗಳಲ್ಲಿ ತಮ್ಮ ಸಮಿತಿಯಿಂದ ಒಳಗೆ ಬಂದ ಮೊದಲ ವ್ಯಕ್ತಿ ಈ ಟೈಲರಮ್ಮ ಎಂಬುದು ನನ್ನ ತಿಳಿವಳಿಕೆ. ಸೀಟು ಸಿಗದ ನನ್ನ ಅಕ್ಕನಿಗೆ ಸೀಟು ಸಿಕ್ಕಿದೆ ಎಂಬ ಆಧಾರದ ಮೇಲೆ ಅವಳಿಗೆ ಸೀಟು ಸಿಕ್ಕಿದೆ.

ಕೃತಜ್ಞತೆ ಹೇಳಲು ಅವಳು ಅಕ್ಕನನ್ನು ಹುಡುಕಿಕೊಂಡು ಪ್ರಯೋಗಾಲಯಕ್ಕೇ ಬಂದಳು. "ಅಕ್ಕಾ, ನಿಮ್ಮದು ಯಾವ ಬ್ಯಾಚು?" ಎಂದು ಕೇಳಿದಳು. "ನಂದಾ? ನಂದು ಗೋಡೆ ಬ್ಯಾಚು ಕಣಮ್ಮ" ಎಂದಳು ಅಕ್ಕ, ಕೈ ಒರೆಸಿಕೊಳ್ಳುತ್ತ. ಆಮೇಲೆ ಚೀಲದಿಂದ ಒಂದು ನೋಟ್‌ಬುಕ್ ತೆಗೆದು ಅವಳ ಕೈಗಿಟ್ಟಳು. ಇನ್ನೂರು ಪುಟದ ಆ ಪುಸ್ತಕವನ್ನು, ಅಕ್ಕನ ಮೊದಲ ದಿನದ ತರಗತಿಗೆಂದು, ತಮ್ಮ ವರದಿಗಳಲ್ಲಿ ಉಳಿದ ಖಾಲಿ ಹಾಳೆಗಳಿಂದ ನಾನು ಹೊಲಿದುಕೊಟ್ಟಿದ್ದೆ. "ಸುಮ್ನೆ ಕೂತಿತ್ತು, ನೀನಾದರೂ ಬರಿ" ಎಂದಳಂತೆ. ಈ ಪತ್ರ ಬರೆಯಲು ನಾನು ಕೂತದ್ದು ಆ ಸಂಜೆ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಮ್ರ ಬಿನ್ನಹಗಳಿವೆ. ಗೋಡೆಯ ಮೇಲಿರುವ ಅಕ್ಕ ತಮ್ಮ ವಿದ್ಯಾರ್ಥಿನಿ ಎಂದು ತಾವೇ ಘೋಷಿಸಿರುವುದರಿಂದ, ಜುಲೈ ಒಂದರಿಂದ ಆ ಚಿತ್ರಕ್ಕೆ ತಪ್ಪದೆ ಹಾಜರಿ ಹಾಕಬೇಕು. ತರಗತಿಯ ಬಾಗಿಲು ಏಳಡಿ ಮಾತ್ರ ಇರುವುದರಿಂದ ಇನ್ನು ಹದಿಮೂರು ಅಡಿ ಎತ್ತರಿಸಬೇಕು. ಹಿಂದೆ ಕೂತವರಿಗೆ ಕರಿಹಲಗೆ ಮರೆಯಾಗದಂತೆ ಅವಳನ್ನು ಕೊನೆಯ ಬೆಂಚಿನಲ್ಲಿ ಕೂರಿಸಬೇಕು. ಪ್ರಾಯೋಗಿಕ ಪರೀಕ್ಷೆಯ ದಿನ ಆ ಚಿತ್ರಕ್ಕೆ ಗಾಜಿನ ಪಾತ್ರೆಗಳನ್ನು ತೊಳೆದು ಒರೆಸಿ ಕೊಡಲು ನನ್ನ ನಿಜವಾದ ಅಕ್ಕ ಎಂದಿನಂತೆ ಸಿದ್ಧಳಿರುತ್ತಾಳೆ. ಮಾಲಿಯವರ ಸಂಶೋಧನೆಗೆ ಒಬ್ಬ ಮಾರ್ಗದರ್ಶಕರನ್ನೂ ನೇಮಿಸಿಬಿಡಿ. ಗುಲಾಬಿ ಗಿಡಗಳ ಬಗ್ಗೆ ಅವರಿಗೆ ಗೊತ್ತಿರುವಷ್ಟು ತಮ್ಮ ಸಸ್ಯಶಾಸ್ತ್ರ ವಿಭಾಗಕ್ಕೆ ಗೊತ್ತಿಲ್ಲ.

ಇವೆಲ್ಲ ತೊಂದರೆ ಎನಿಸಿದರೆ ಇನ್ನೊಂದು ದಾರಿಯೂ ಇದೆ. ಅಕ್ಕನ ನಿದರ್ಶನದ ಮೇಲೆ ಟೈಲರಮ್ಮನಿಗೆ ಸೀಟು ಕೊಟ್ಟಿದ್ದೀರಿ. ಈಗ ಟೈಲರಮ್ಮನ ನಿದರ್ಶನದ ಮೇಲೆ ಅಕ್ಕನಿಗೆ ಕೊಡಿ. ಪ್ರವೇಶಕ್ಕೆ ಕೊನೆಯ ದಿನ ಜೂನ್ ಮೂವತ್ತು. ಮುದ್ರೆ ಗುಮಾಸ್ತರ ಮೇಜಿನ ಮೇಲೇ ಇದೆ.

ಆ ಮೂವತ್ತನೇ ತಾರೀಕಿನ ಸಂಜೆ ಐದರವರೆಗೆ ಮಾತ್ರ
ತಮ್ಮ ವಿಶ್ವಾಸಿ,
ಹಿಂಬದಿ ಬೀದಿಯ ಬೈಂಡಿಂಗಿನವನು

ತಾಜಾಕಲಮು: ಈ ವರ್ಷದ ವಾರ್ಷಿಕ ವರದಿಯ ಮುನ್ನೂರು ಪ್ರತಿಗಳು ನಿನ್ನೆ ನನ್ನ ಅಂಗಡಿಗೆ ಬಂದಿವೆ. ಹದಿನಾಲ್ಕನೇ ಪುಟದಲ್ಲಿ 'ನಮ್ಮ ಹೆಮ್ಮೆಯ ಹಿರಿಯ ವಿದ್ಯಾರ್ಥಿನಿ' ಎಂದು ಅಕ್ಕನ ಚಿತ್ರವಿದೆ, ಕೆಳಗೆ ಆ ಹಳೆಯ ವಾಕ್ಯವೂ ಇದೆ. ಅದೊಂದು ಪುಟ ಬಿಟ್ಟು ಮಿಕ್ಕಿದ್ದನ್ನೆಲ್ಲ ಹೊಲಿದು, ಸೂಜಿಗೆ ದಾರ ಪೋಣಿಸಿ ಕಾಯುತ್ತಿದ್ದೇನೆ. ಎರಡನೇ ಕಿಟಕಿಯಲ್ಲಿ ಅಕ್ಕನಿಗೆ ಕೊಟ್ಟ ತಿರಸ್ಕಾರದ ಚೀಟಿಗೂ ಮುನ್ನೂರು ನಕಲು ತೆಗೆಸಿಟ್ಟಿದ್ದೇನೆ. ಅಳತೆ ಸರಿಯಾಗಿದೆ, ಎದುರು ಪುಟದಲ್ಲಿ ಚೆನ್ನಾಗಿ ಕೂರುತ್ತದೆ. ನಾನು ಹೊಲಿದದ್ದು ಸುಲಭಕ್ಕೆ ಬಿಚ್ಚುವುದಿಲ್ಲವೆಂದು ತಮ್ಮ ಗ್ರಂಥಪಾಲಕರೇ ಹೇಳುತ್ತಾರೆ. ಆ ಪುಟವೊಂದನ್ನೇ ಹೊಲಿಯಲೇ, ಎದುರಿಗೆ ಚೀಟಿಯನ್ನೂ ಸೇರಿಸಿ ಹೊಲಿಯಲೇ ಎಂಬುದಕ್ಕೆ ಉತ್ತರವನ್ನು ನನ್ನ ಅಂಗಡಿಗೆ ಗುಟ್ಟಾಗಿ ಹೇಳಿಕಳುಹಿಸಬೇಡಿ. ಹೋರ್ಡಿಂಗಿನ ಕೆಳಗೆ, ಎರಡನೇ ಕಿಟಕಿಯ ಪಕ್ಕದ ಸೂಚನಾ ಫಲಕದಲ್ಲಿ, ತಮ್ಮ ಸಹಿಯೊಂದಿಗೆ, ಎಲ್ಲರಿಗೂ ಕಾಣುವಂತೆ ಅಂಟಿಸಿ.