ಡಂಪರಿಗೆ ಬೆಳಗಿದ ಆರತಿ

ಬೇರೆಯವರಿಗೆ ಮೂಗಿನ ತುದಿಯಲ್ಲಿ ಕೋಪವಿದ್ದರೆ ನಮ್ಮ ಸೋದರಮಾವನಿಗೆ ಅಲ್ಲಿ ಸದಾ ಸುಟ್ಟ ವಾಸನೆ!

ಊರು ಇಂಗಳೇಶ್ವರ, ನೌಕರಿ ದೂರದ ಗಣಿಯಲ್ಲಿ. ಅದಿರು ಹೊರುವ ಮನೆಯೆತ್ತರದ ಡಂಪರುಗಳಿಗೆ, ಬೆಂಕಿ ಹತ್ತಿದರೆ ತಾನೇ ಆರಿಸುವ ಸಲಕರಣೆ ಕೂಡಿಸುವುದು ಅವನ ಕೆಲಸ. ಇಂಜಿನ್ನಿನ ಸುತ್ತ ಬೆರಳು ಗಾತ್ರದ ಒಂದು ಪೈಪು. ಬೆಂಕಿ ಮುಟ್ಟಿದಲ್ಲಿ ಅದು ಒಡೆಯುತ್ತದೆ, ಒಡೆದ ಕೂಡಲೇ ಸಿಲಿಂಡರಿನಿಂದ ಪುಡಿ ನುಗ್ಗಿ ಬೆಂಕಿಯನ್ನು ಮುಚ್ಚಿಬಿಡುತ್ತದೆ. ಡ್ರೈವರ್ ಇಳಿದು ಓಡಿದರೆ ಸಾಕು. ಇಂಡಿ ಊರಿನ ಮದುವೆಯಿರಲಿ, ಸಿಂದಗಿಯಲ್ಲಿ ಬಸುರಿಯ ಕುಬಸವಿರಲಿ, ಹೋಳಿಗೆಯ ಮೇಲೆ ತುಪ್ಪ ಬೀಳುವಷ್ಟರಲ್ಲಿ ಮಾಮಾ ಇಷ್ಟನ್ನೂ ಪಂಕ್ತಿಗೆಲ್ಲ ಹೇಳಿ ಮುಗಿಸಿರುತ್ತಾನೆ!

ಒಮ್ಮೆ ಮುದ್ದೇಬಿಹಾಳದಿಂದ ತಾಳಿಕೋಟೆಗೆ ಹೊರಟ ಬಸ್ಸಿನಲ್ಲಿ, "ನಿಲ್ಲಸ್ರೀ! ಏನೋ ಸುಡಾಕತ್ತೈತಿ!" ಎಂದು ಎದ್ದು ನಿಂತ. ಎಲ್ಲರೂ ದಡಬಡ ಇಳಿದೆವು. ಹುಡುಕಿದರೆ ಏನು? ಅಜ್ಜಿಯೊಬ್ಬಳ ಚೀಲದಲ್ಲಿ ಆಗತಾನೇ ಕೆಂಡದಲ್ಲಿ ಸುಟ್ಟು ತಂದ ಸೀತನಿ, ಎಳೆ ಜೋಳದ ಬಿಸಿ ಬಿಸಿ ಕಾಳು!

"ಬೆಂಕಿ ಸಿಕ್ತೇನ್ರಿ ಯಜಮಾನ್ರ?" ಎಂದ ಕಂಡಕ್ಟರ್, ಕೆಂಡಾಮಂಡಲವಾಗಿ.

ಅಜ್ಜಿ ಕೊಟ್ಟ ಸೀತನಿಯನ್ನು ಬಾಯಿ ತುಂಬ ತುಂಬಿಕೊಂಡಿದ್ದ ಮಾಮಾ, "ಹತೋಟಿಗಿ ಬಂತ್ರಿ, ಹೊಡೀರಿ ಗಾಡಿ!" ಎಂದ. ನನಗೆ ತಲೆ ಎತ್ತಲಾಗದಷ್ಟು ನಾಚಿಕೆ. ಆದರೂ ನಾನೂ ಒಂದು ಹಿಡಿ ಇಸಿದುಕೊಂಡೆ ಅನ್ನಿ.

ಗಣಿಯಲ್ಲಿ ಮಾತ್ರ ಅವನ ಪೈಪಿಗೆ ಬೆಲೆಯಿರಲಿಲ್ಲ. ಅದು ಕೆಲಸ ಮಾಡಿದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲವಲ್ಲ! "ಇದರ ತಪಾಸಣಿ ಅಂತ ಗಾಡಿ ಸುಮ್ಮ ನಿಲ್ಲತಾವ. ಹಬ್ಬ ಆದಮ್ಯಾಲೆ ಕಿತ್ತು ಹಾಕ್ರಿ" ಎಂದು ಸಾಹೇಬರು ಹೇಳಿಬಿಟ್ಟರು. ಮಾಮಾನ ಮುಖ ಸಪ್ಪಗಾಯಿತು. "ನಾಳಿ ಡ್ರೈವರಗ ಏನರ ಆದ್ರ ಯಾರು ಹೊಣಿ?" ಎಂಬುದೊಂದೇ ಹಾಡು.

ಖಂಡೆಪೂಜೆಗೆ, ಅಂದರೆ ಆಯುಧಪೂಜೆಗೆ, ನಾನೂ ಗಣಿಗೆ ಹೋಗಿದ್ದೆ. ಡಂಪರಿಗೆ ಚೆಂಡುಹೂವಿನ ಮಾಲೆ, ಗಾಲಿಗೆ ವಿಭೂತಿ. ಎಲ್ಲರೂ ಗಾಡಿಗೆ ಆರತಿ ಮಾಡಿದರೆ ಮಾಮಾ ಸುಮ್ಮನಿದ್ದಾನೆಯೇ? ಮೆಟ್ಟಿಲು ಹತ್ತಿ, ಇಂಜಿನ್ನಿನ ಬಳಿ ಬಾಗಿ, ತನ್ನ ಪೈಪಿಗೇ ಕುಂಕುಮ ಹಚ್ಚಿದ. ಬೆಂಕಿಯ ಹೆದರಿಕೆಗೆ ಊರಿಗೆಲ್ಲ ಬೀಡಿ ಬಿಡಿಸಿದ ಮಹಾನುಭಾವ, ತಟ್ಟೆಗೆ ಹಿಡಿ ಕರ್ಪೂರ ಸುರಿದು ಹೊತ್ತಿಸಿ, ಕಣ್ಣು ಮುಚ್ಚಿ ಬೆಳಗತೊಡಗಿದ! ಭಕ್ತಿ ಏರಿತು, ತಟ್ಟೆಯೂ ಏರಿತು. ಢಂ! ಭುಸ್!

ಸಾಹೇಬರ ಹೊಸ ಸಫಾರಿ, ಪೂಜೆಗೆ ಬಂದ ಅಯ್ಯನವರ ಕರಿ ಗಡ್ಡ, ನನ್ನ ಕೈಯಲ್ಲಿದ್ದ ಪೇಢೆ, ಎಲ್ಲವೂ ಬೆಳ್ಳಗೆ. ಕರ್ಪೂರ ಮಾತ್ರ ಪೂರ್ತಿ ಆರಿತ್ತು.

"ಕೀಳ್ರಿ ಅದನ್ನ! ಈಗಿಂದೀಗ!" ಸಾಹೇಬರು ಕೆಮ್ಮುತ್ತಲೇ ಕೂಗಿದರು. ಮೇಲಿನಿಂದ ಮಾಮಾ ಹಲ್ಲು ಕಿಸಿದು, "ನೋಡಿದ್ರೇನ್ರಿ ನನ್ನ ಮಗನ್ನ! ಹೆಂಗ ಎದ್ದ!" ಎಂದ.

ಆಗ ಆ ಗಾಡಿಯ ಡ್ರೈವರ್, ಕನ್ನೊಳ್ಳಿಯವನು, ಮುಖ ಕೂಡ ಒರೆಸಿಕೊಳ್ಳದೆ ಮುಂದೆ ಬಂದ. "ಸಾಹೇಬ್ರ, ಇದನ್ನ ಕಿತ್ರ ನಾ ಗಾಡಿ ಹತ್ತಂಗಿಲ್ರಿ." ಉಳಿದ ಡ್ರೈವರುಗಳೂ ಒಬ್ಬೊಬ್ಬರಾಗಿ ಅವನ ಪಕ್ಕ ಬಂದು ನಿಂತರು. ಸಾಹೇಬರು ಆ ಬಿಳಿ ಮುಖಗಳನ್ನೆಲ್ಲ ನೋಡಿದರು. ಕೊನೆಗೆ, "ಹೊಸಾ ಸಿಲಿಂಡರ್ ಕೂಡಸ್ರಿ" ಎಂದರು.

ಮರುದಿನ ದಸರೆ. ಆ ಡ್ರೈವರನ ಹೆಂಡತಿ ಮಾಮಾನ ಕೋಣೆಗೆ ಬಂದು, ಹಬ್ಬದ ಬನ್ನಿ ಎಲೆ ಕೊಟ್ಟು, ಕಾಲಿಗೆ ಬಿದ್ದಳು. "ಅಣ್ಣಾ, ಅವರು ಕೆಲಸಕ್ಕ ಹೋದ್ರ ತಿರುಗಿ ಬರೂತನಾ ನನಗ ರೊಟ್ಟಿ ಇಳೀತಿರ್ಲಿಲ್ರಿ. ನಿನ್ನಿ ನಿಮ್ಮ ಪೈಪ್ ಬೆಂಕಿ ಆರಿಸಿದ್ದ ಕೇಳಿದೆ, ಇವತ್ತ ಅವರನ್ನ ಕಳಿಸಿ, ಹೊಟ್ಟಿ ತುಂಬ ಉಂಡು ಬಂದೇನಿ."

ಊರೂರಿಗೆ ಭಾಷಣ ಬಿಗಿಯುವ ಮಾಮಾ, ಬನ್ನಿಯನ್ನು ಕಣ್ಣಿಗೊತ್ತಿಕೊಂಡು, ಅವಳಿಗೆ ಕೂರಲು ಚಾಪೆ ಹುಡುಕತೊಡಗಿದ. ನನಗೆ ಮಾತ್ರ ಸುಮ್ಮನಿರಲಾಗಲಿಲ್ಲ.

"ಇವರು ನಮ್ಮ ಸ್ವಂತ ಮಾಮಾ ರೀ!" ಎಂದೆ, ಅವಳು ಕೇಳದಿದ್ದರೂ.