ಮಾವನವರು ಸಬ್‌ಸ್ಕ್ರೈಬ್ ಆದರು

ಪುಣೆಯ ಕನ್ನಡಿಗರಲ್ಲಿ ರೈಲಿನ ವಿಡಿಯೊಗಳ ಬಗ್ಗೆ ನನ್ನಷ್ಟು ತಿಳಿದವರು ಇನ್ನೊಬ್ಬರಿದ್ದರೆ ಮುಂದೆ ಬರಲಿ! ಚಾಲಕನ ಪಕ್ಕ ಕೂರಿಸಿ ಹಳಿ ತೋರಿಸುವ ಚಾನಲ್ ಯಾವುದು, ಮಳೆಗಾಲದ ಘಾಟಿಗೆ ಯಾವುದು, ಕಣ್ಣು ಮುಚ್ಚಿ ಬರೀ ಹಾರ್ನ್ ಕೇಳಲು ಯಾವುದು, ಎಲ್ಲ ನನ್ನ ನಾಲಿಗೆಯ ತುದಿಯಲ್ಲಿ. ಭೋಸರಿಯ ನಮ್ಮ ಕಾರ್ಖಾನೆಯಲ್ಲಿ ನನ್ನ ಶಿಫಾರಸಿಲ್ಲದೆ ಯಾರೂ ಒಂದು ಇಂಜಿನ್ ಕೂಡ ನೋಡುವುದಿಲ್ಲ. ಬಗ್ಗದವರು ಒಬ್ಬರೇ, ಬೆಳಗಾವಿಯ ನಮ್ಮ ಮಾವ ಹಣಮಂತ್ರಾಯರು. ಗಾಡಿ ಇರುವುದು ಹತ್ತುವುದಕ್ಕೆ, ನೋಡುವುದಕ್ಕಲ್ಲ ಎನ್ನುವವರು. ಮೊನ್ನೆ ಅವರು ಕೊಂಢವಾದ ನಮ್ಮ ಮನೆಗೆ ಬಂದಾಗ ಶಪಥ ಮಾಡಿಯೇಬಿಟ್ಟೆ: ಊರಿಗೆ ಮರಳುವ ಮೊದಲು ಮಾವನವರು ತಾವಾಗಿಯೇ ಬಾಯಿಬಿಟ್ಟು ಸಬ್‌ಸ್ಕ್ರೈಬ್ ಮಾಡಿಕೊಡಿ ಎಂದು ಕೇಳಬೇಕು!

ಅಸ್ತ್ರ ಸಿದ್ಧವಿತ್ತು. ಭಾನುವಾರ ಅವರು ಕೂತು ಬಂದ ವಂದೇ ಭಾರತ್ ಗಾಡಿಯನ್ನೇ ನನ್ನ ಮೆಚ್ಚಿನ ಚಾನಲಿನವನು ನಿಲ್ದಾಣಕ್ಕೆ ಮೊದಲು ಸಿಗುವ ಘೋರಪಡಿಯ ತಿರುವಿನಲ್ಲಿ ಚಿತ್ರೀಕರಿಸಿ ಹಾಕಿದ್ದ. ಆ ದಿನ ಅವರನ್ನು ಕರೆತರಲು ನನ್ನ ಹೆಂಡತಿ ರೇಣು ಒಬ್ಬಳೇ ನಿಲ್ದಾಣಕ್ಕೆ ಹೋಗಿದ್ದಳು. ಕಾರ್ಖಾನೆಯಲ್ಲಿ ತುರ್ತು ಡ್ಯೂಟಿ ಎಂದು ನಾನು ಜಾರಿಕೊಂಡಿದ್ದೆ. ನಿಮಗಾದರೆ ನಿಜ ಹೇಳುತ್ತೇನೆ, ನಾನೂ ಅದೇ ತಿರುವಿನಲ್ಲಿ ಮೊಬೈಲ್ ಹಿಡಿದು ನಿಂತಿದ್ದೆ. ನಿಲ್ದಾಣದಲ್ಲಿ ನಿಂತ ಗಾಡಿಯಲ್ಲಿ ನೋಡುವುದೇನಿದೆ?

ಟಿವಿ ಹಚ್ಚಿದೆ. ಗಾಡಿ ಬಳುಕುತ್ತಾ ಬಂತು. ಮಾವನವರು ಚಹಾ ಮರೆತು ಮುಂದಕ್ಕೆ ಬಾಗಿದರು. ಅಷ್ಟರಲ್ಲಿ ಬಿಳಿ ಅಂಗಿಯ ಅಗಲವಾದ ಬೆನ್ನೊಂದು ನಡುವೆ ತೂರಿಬಂದು ಗಾಡಿಯ ಮುಖವನ್ನೇ ಮುಚ್ಚಿಬಿಟ್ಟಿತು.

ಇಂಥವರಿಂದಲೇ ರೈಲು ಪ್ರೇಮಿಗಳ ಮಾನ ಹೋಗುವುದು ಎಂದು ಗುಡುಗಿ, ಆ ವಿಡಿಯೊದ ಕೆಳಗೆ ನಾನು ಹಾಕಿದ್ದ ಕಮೆಂಟನ್ನು ಹೆಮ್ಮೆಯಿಂದ ಓದಿದೆ: "ಈ ಕೋಣವನ್ನು ಹಳಿಯ ಹತ್ತಿರ ಬಿಟ್ಟವರು ಯಾರು? ಮನೆಯವರು ಕಟ್ಟಿಹಾಕಬಾರದೆ?" ನೂರಾರು ಜನ ಮೆಚ್ಚಿದ್ದರು. ಮಾವನವರೂ ಹೊಟ್ಟೆ ಹಿಡಿದು ನಕ್ಕರು. ನನ್ನ ಎದೆ ಒಂದು ಗೇಣು ಉಬ್ಬಿತು!

ರೇಣು ಮಾತ್ರ ನಗಲಿಲ್ಲ. ವಿಡಿಯೊ ನಿಲ್ಲಿಸಿ, ಟಿವಿಯ ಹತ್ತಿರ ಹೋಗಿ, ಆ ಬೆನ್ನಿನ ಮೇಲಿದ್ದ ಕಂದು ಕಲೆಯ ಮೇಲೆ ಬೆರಳಿಟ್ಟಳು.

"ಈ ಕಲಿ ನಂದ. ಇಸ್ತ್ರಿ ಮಾಡೂಮುಂದ ಸುಟ್ಟಿದ್ದೆ. ಬೆನ್ನ ಮ್ಯಾಲಿಂದು ಇವರಿಗೆಲ್ಲಿ ಕಾಣಸ್ತದ ಅಂತ ಸುಮ್ಮನಿದ್ದೆ."

ಹುಟ್ಟಿದಾಗಿನಿಂದ ನನ್ನ ಬೆನ್ನನ್ನು ನಾನು ಒಮ್ಮೆಯಾದರೂ ನೋಡಿದ್ದರೆ ತಾನೆ ಗುರುತು ಹತ್ತುವುದು! ಮಾವನವರು ಒಮ್ಮೆ ಟಿವಿಯನ್ನು, ಒಮ್ಮೆ ನನ್ನನ್ನು ನೋಡಿದರು. ಡ್ಯೂಟಿ ಏನಾಯಿತೆಂದು ಕೇಳಿ ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವರು ಜೇಬಿನಿಂದ ತಮ್ಮ ಮೊಬೈಲ್ ತೆಗೆದು ನನ್ನ ಕೈಯಲ್ಲಿಟ್ಟರು.

"ಅಳಿಯಂದ್ರ, ಈ ಚಾನಲ್ ಭಾಳ ಛಲೋ ಅದ. ನೀವು ಡ್ಯೂಟಿ ಮಾಡೂದು ನನಗ ಊರಾಗ ಕುಂತ ಕಾಣಸ್ತದ. ಸಬ್‌ಸ್ಕ್ರೈಬ್ ಮಾಡಿಕೊಡ್ರಿ."

ಶಪಥ ಈಡೇರಿತು. ಗುಂಡಿಯನ್ನು ನಾನೇ ಒತ್ತಿಕೊಟ್ಟೆ. ಹೊಸ ವಿಡಿಯೊ ಬಂದೊಡನೆ ಸುದ್ದಿ ಮುಟ್ಟಿಸುವ ಗಂಟೆಯ ಗುರುತನ್ನೂ ಒತ್ತುವವರೆಗೆ ರೇಣು ಪಕ್ಕದಿಂದ ಕದಲಲಿಲ್ಲ.