ಅತ್ತೆಯ ಸೂರ್ಯಾಸ್ತ ಮತ್ತು ಒಂದು ಸ್ಮಾರ್ಟ್ ಪ್ಲಗ್

ಸಾವು ನಡೆದ ಮನೆಯಲ್ಲಿ ಒಂದು ವರ್ಷ ನಗು ಬರುವಂಥದ್ದೇನೂ ನಡೆಯಬಾರದು ಎಂದು ಯಾರಾದರೂ ನಿಯಮ ಮಾಡಿದ್ದರೆ ಚೆನ್ನಾಗಿತ್ತು. ಯಾರೂ ಮಾಡಿಲ್ಲ. ಆದ್ದರಿಂದ ಅಂಥವು ನಡೆಯುತ್ತಲೇ ಇರುತ್ತವೆ, ನಾವು ಮುಖ ಗಂಭೀರ ಮಾಡಿಕೊಂಡು ನಿಂತಿರುತ್ತೇವೆ.

ನನ್ನ ಹೆಂಡತಿ ಕಳೆದ ಬೇಸಗೆಯಲ್ಲಿ ತೀರಿಕೊಂಡಳು. ಮನೆಯಲ್ಲಿ ಉಳಿದವರು ಇಬ್ಬರು: ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುವ ನಾನು, ಮತ್ತು ಅವಳ ತಾಯಿ, ನನ್ನ ಅತ್ತೆ. ಅತ್ತೆಗೆ ಎಪ್ಪತ್ತೆಂಟು. ಕಣ್ಣು ಮಂಜು; ಗೋಡೆಯ ಮೇಲೆ ಗಡಿಯಾರ ಇರುವುದು ಕಾಣುತ್ತದೆ, ಅದರ ಮುಳ್ಳು ಕಾಣುವುದಿಲ್ಲ. ನಾವು ಜೈನರು. ಹೊತ್ತು ಮುಳುಗಿದ ಮೇಲೆ ಅತ್ತೆ ಒಂದು ಅಗುಳನ್ನೂ ಬಾಯಿಗಿಡುವುದಿಲ್ಲ. ಮಗಳಿದ್ದಾಗ ಅವಳೇ ಜಗಲಿಗೆ ಹೋಗಿ ಆಕಾಶ ನೋಡಿ, “ಅಮ್ಮಾ, ಇನ್ನೂ ಹೊತ್ತಿದೆ, ಬಾ” ಎಂದು ಕರೆಯುತ್ತಿದ್ದಳು. ಈಗ ಮಳೆಗಾಲ ಬಂದಿತ್ತು. ನಮ್ಮಲ್ಲಿ ಜುಲೈ ತಿಂಗಳ ಮಧ್ಯಾಹ್ನ ಮೂರು ಗಂಟೆಯೂ ಸಂಜೆಯಂತೆಯೇ ಇರುತ್ತದೆ. ಐದೂಕಾಲಿಗೆ ಬಸ್ಸಿಳಿದು ಬಂದು ನಾನು ತಟ್ಟೆ ಹಾಕಿದರೆ ಅತ್ತೆ, “ಮುಳುಗಿತು ಮಾಷೇ” ಎನ್ನುತ್ತಿದ್ದರು. ನಮ್ಮ ಕಡೆ ಮೇಷ್ಟ್ರಿಗೆ ಮಾಷ್ ಎನ್ನುತ್ತಾರೆ; ಊರಿಗೆಲ್ಲ ನಾನು ಮಾಷ್, ಅತ್ತೆಗೂ ಅಷ್ಟೇ.

“ಇಲ್ಲ ಅತ್ತೆ, ಇನ್ನೂ ಒಂದೂವರೆ ಗಂಟೆ ಇದೆ.”

“ನನ್ನ ಹೊಟ್ಟೆಗೆ ಏನಾದರೂ ಹಾಕಬೇಕು ಅಂತ ನೀವು ಸುಳ್ಳು ಹೇಳ್ತೀರಿ.”

ಮಾನಂದವಾಡಿ ಪೇಟೆಯ ಡಾಕ್ಟರು ಅತ್ತೆಯ ತೂಕ ನೋಡಿ, ತಿಂಗಳು ತಿಂಗಳು ಇಳಿಯುತ್ತಿದೆ, ಸಂಜೆಯ ಊಟ ತಪ್ಪಬಾರದು ಎಂದಿದ್ದರು. ಕೊನೆಕೊನೆಗೆ ಆಸ್ಪತ್ರೆಯಲ್ಲಿ ಹೆಂಡತಿ ನನ್ನನ್ನು ಕೇಳುತ್ತಿದ್ದದ್ದೂ ಒಂದೇ ಮಾತು: “ಅಮ್ಮ ಉಂಡಳಾ?” ಹಾಗಾಗಿ ಇದು ನನಗೆ ಸಣ್ಣ ವಿಷಯವಾಗಿರಲಿಲ್ಲ.

ದಾರಿ ತೋರಿಸಿದವರು ನಮ್ಮ ಶಾಲೆಯ ಗಣಿತದ ಟೀಚರ್. ಸ್ಮಾರ್ಟ್ ಪ್ಲಗ್ ಎಂದು ಒಂದಿದೆ, ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿ ಅದಕ್ಕೊಂದು ದೀಪ ಹಾಕಿದರೆ ಸೂರ್ಯ ಮುಳುಗುವ ನಿಮಿಷಕ್ಕೆ ಸರಿಯಾಗಿ ತಾನೇ ಹೊತ್ತಿಕೊಳ್ಳುತ್ತದೆ ಎಂದರು. ಅತ್ತೆಗೆ ಹೇಳಿದೆ. ಅವರು ಒಪ್ಪಿದರು.

“ಮಿಷನ್ನಿಗೆ ನನ್ನ ಮೇಲೆ ಕನಿಕರ ಇಲ್ಲ. ಅದು ಸುಳ್ಳು ಹೇಳೋದಿಲ್ಲ.”

ಜಗಲಿಯ ದೀಪ ಹೊತ್ತುವವರೆಗೆ ಉಣ್ಣಬಹುದು, ಹೊತ್ತಿದರೆ ಕೈ ತೊಳೆಯಬೇಕು. ಇದು ನಮ್ಮಿಬ್ಬರ ಕರಾರು.

೧. ಆರು ಆಂಪಿಯರ್

ಪೇಟೆಯ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ ಎರಡು ಪ್ಲಗ್ ಕೇಳಿದೆ. ಒಂದು ದೀಪಕ್ಕೆ, ಇನ್ನೊಂದು ಬಚ್ಚಲಿನ ವಾಟರ್ ಹೀಟರಿಗೆ. ಅತ್ತೆ ಅದನ್ನು ಆರಿಸಲು ಮರೆಯುತ್ತಾರೆ. ಚಿಕ್ಕದಾಗಿ, ಚೊಕ್ಕವಾಗಿದ್ದ ಎರಡನ್ನು ಆರಿಸಿ ಮೇಜಿನ ಮೇಲಿಟ್ಟೆ.

ಅಂಗಡಿ ನಡೆಸುವ ಹೆಂಗಸು ಒಂದನ್ನು ಹಿಂದಕ್ಕೆ ತೆಗೆದಿಟ್ಟು, “ಹೀಟರ್ ಎಷ್ಟು ವಾಟ್ ಮಾಷ್?” ಎಂದು ಕೇಳಿದಳು.

“ಎರಡು ಸಾವಿರ.”

“ವೋಲ್ಟೇಜ್ ಇನ್ನೂರ ಮೂವತ್ತು. ಭಾಗಿಸಿ.”

ಭಾಗಿಸಿದೆ. ಎಂಟೂಮುಕ್ಕಾಲು ಆಂಪಿಯರಿಗೆ ಒಂಚೂರು ಕಡಿಮೆ ಬಂತು. ನಾನು ಆರಿಸಿದ್ದ ಪ್ಲಗ್ಗಿನ ಮೇಲೆ ಆರು ಎಂದು ಬರೆದಿತ್ತು. ಹೀಟರಿನ ದಪ್ಪ ಪಿನ್ನು ಅದರೊಳಗೆ ಹೋಗುವುದೂ ಇಲ್ಲ. ಇಪ್ಪತ್ತೆರಡು ವರ್ಷ ಇದೇ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದವನು ನಾನು. ಹದಿನಾರು ಆಂಪಿಯರಿನ ದೊಡ್ಡ ಪ್ಲಗ್ ತಂದುಕೊಟ್ಟಳು. ನಾನು ಮೆಲ್ಲಗೆ, “ನೀನು ನನ್ನ ಕ್ಲಾಸಿನಲ್ಲಿದ್ದೆಯಾ?” ಎಂದೆ.

“ಇದ್ದೆ ಮಾಷ್. ಇದೇ ಪ್ರಶ್ನೆಗೆ ಸೊನ್ನೆ ಕೊಟ್ಟು ಬೆಂಚಿನ ಮೇಲೆ ನಿಲ್ಲಿಸಿದ್ದಿರಿ. ನೀವು ಪರವಾಗಿಲ್ಲ, ಸ್ಟೂಲಿನಲ್ಲಿ ಕೂತ್ಕೊಳ್ಳಿ.”

೨. ಬೇಲಿಯಾಚೆಯ ಪಾಸ್‌ವರ್ಡ್

ಪ್ಲಗ್ ಸಿಕ್ಕಿಸಿದೆ. ಅದು ನೀಲಿಯಾಗಿ ಮಿಣುಕಿತು. ಫೋನಿನ ಆ್ಯಪು ಮನೆಯ ವೈಫೈ ಪಾಸ್‌ವರ್ಡ್ ಕೇಳಿತು. ನನಗೆ ಗೊತ್ತಿರಲಿಲ್ಲ. ವೈಫೈ ಹಾಕಿಸಿದ್ದು, ಪಾಸ್‌ವರ್ಡ್ ಇಟ್ಟದ್ದು ಎಲ್ಲ ಹೆಂಡತಿ. ಅವಳ ಡೈರಿ, ಅಡುಗೆಮನೆಯ ಕ್ಯಾಲೆಂಡರ್, ರೂಟರಿನ ಬೆನ್ನು, ಒಂದೂ ಬಿಡದೆ ಹುಡುಕಿದೆ. ಮದುವೆಯ ತಾರೀಖು ಹಾಕಿ ನೋಡಿದೆ. ತಪ್ಪು ಎಂದಿತು. ಅದನ್ನು ಎರಡನೆಯ ಸಲ ಹಾಕಿ ನೋಡುವ ಧೈರ್ಯ ಬರಲಿಲ್ಲ.

ಪಕ್ಕದ ಮನೆಯ ಅಕ್ಕ, ನಮ್ಮ ಕಡೆಯ ಮಾತಿನಲ್ಲಿ ಚೇಚಿ, ಬೇಲಿಯ ಹತ್ತಿರ ಬಟ್ಟೆ ಒಣಹಾಕುತ್ತಿದ್ದರು. ಅವರ ಗಂಡ ದುಬೈಯಲ್ಲಿ ಕೆಲಸದಲ್ಲಿದ್ದಾರೆ. ನನ್ನ ಪರದಾಟ ನೋಡಿ ವಿಷಯ ಕೇಳಿದರು. ಹೇಳಿದೆ.

“ಅಯ್ಯೋ, ಅಷ್ಟೇನಾ? ‘ಮಾಷ್ ಬೇಗ ಬನ್ನಿ.’ ಇಂಗ್ಲಿಷ್ ಅಕ್ಷರದಲ್ಲಿ, ಎಲ್ಲಾ ಸಣ್ಣದು, ನಡುವೆ ಜಾಗ ಬಿಡಬಾರದು.”

ದಿನಾ ಬೆಳಿಗ್ಗೆ ಬಾಗಿಲಲ್ಲಿ ಹೆಂಡತಿ ಹೇಳುತ್ತಿದ್ದ ಮಾತು ಅದು. “ನಿಮಗೆ ಹೇಗೆ ಗೊತ್ತು?” ಎಂದು ಕೇಳಿದೆ.

“ಎರಡು ವರ್ಷದಿಂದ ನಮ್ಮವರ ವಿಡಿಯೋ ಕಾಲ್ ನಿಮ್ಮ ವೈಫೈಯಲ್ಲೇ ಅಲ್ಲವಾ! ಅವಳೇ ಕೊಟ್ಟದ್ದು.” ಚೇಚಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಗಾಬರಿಯಿಂದ ಬೇಲಿಗೆ ಇನ್ನಷ್ಟು ಹತ್ತಿರ ಬಂದರು. “ಅವಳ ನೆನಪು ಮಾಷೇ, ಯಾವ ಕಾರಣಕ್ಕೂ ಅದನ್ನ ಬದಲಾಯಿಸಬೇಡಿ.”

೩. ಯಾವ ಊರಿನ ಸೂರ್ಯ

ಮೊದಲ ದಿನ ಶಾಲೆಯಿಂದ ಬರುವಾಗ ದೂರದಿಂದಲೇ ಜಗಲಿಯ ದೀಪ ಕಾಣಿಸಿತು. ಗಡಿಯಾರ ನೋಡಿಕೊಂಡೆ. ಐದು ಹದಿನೇಳು. ಅತ್ತೆ ಕೈ ತೊಳೆದು ಗೋಡೆಗೆ ಒರಗಿ ಕೂತಿದ್ದರು.

“ನಾಲ್ಕೂಮುಕ್ಕಾಲರ ಬಸ್ಸು ಹೋಗುವ ಮುಂಚೆಯೇ ಮುಳುಗಿತು ಮಾಷೇ.”

ತಪ್ಪು ನನ್ನದೇ. ಅಪರಿಚಿತರಿಗೆ ಮನೆಯ ವಿಳಾಸ ಹೇಳಬೇಡಿ ಎಂದು ಮಕ್ಕಳಿಗೆ ಪ್ರತಿ ವರ್ಷ ಪಾಠ ಮಾಡುವವನು ನಾನು. ಆ್ಯಪು ನೀವಿರುವ ಸ್ಥಳ ತಿಳಿಯಬಹುದೇ ಎಂದು ಕೇಳಿದಾಗ ‘ಬೇಡ’ ಒತ್ತಿದ್ದೆ. ಸ್ಥಳ ತಿಳಿಯದೆ ಅದು ತಾನು ಹುಟ್ಟಿದ ಊರನ್ನೇ ಹಿಡಿದುಕೊಂಡಿತ್ತು. ಚೀನಾದ ಕಡಲ ತೀರದ ಒಂದು ಪಟ್ಟಣ. ಅಲ್ಲಿ ನಮಗಿಂತ ಎರಡು ಗಂಟೆಗೂ ಮುಂಚೆ ಕತ್ತಲಾಗುತ್ತದೆ.

ಸ್ಥಳ ತಿದ್ದಿದೆ. ಅತ್ತೆಯ ಮುಂದೆ ಒಂದು ನಿಂಬೆಹಣ್ಣು ಹಿಡಿದು, ಭೂಮಿ ತಿರುಗುವುದು, ಪೂರ್ವದವರಿಗೆ ಸೂರ್ಯ ಮೊದಲು ಮುಳುಗುವುದು, ಎಲ್ಲ ವಿವರಿಸಿದೆ. ಅವರು ಕೈಯಿಂದ ಹಣ್ಣನ್ನು ಮುಟ್ಟಿ ಮುಟ್ಟಿ ಕೇಳಿದರು.

“ಹಾಗಾದರೆ ಅಲ್ಲಿ ಹುಟ್ಟೋದೂ ಮುಂಚೆಯೇ?”

“ಹೌದು ಅತ್ತೆ.”

“ನಾನು ಬೆಳಿಗ್ಗೆ ನಾಲ್ಕಕ್ಕೇ ಎದ್ದು, ಹೊತ್ತು ಹುಟ್ಟಲಿ ಅಂತ ಕಾಫಿಗೆ ಕಾಯ್ತಾ ಕೂತಿರ್ತೇನೆ. ಲಾಭದ ಕಡೆಯದ್ದು ನೀವು ಹೇಳಲೇ ಇಲ್ಲವಲ್ಲ!”

೪. ನೋಟುಬುಕ್ಕು

ಒಂದು ವಾರ ದೀಪ ಸರಿಯಾಗಿ ಹೊತ್ತಿತು. ಅತ್ತೆ ನಾನು ಬಡಿಸಿದ್ದನ್ನು ನಾಲ್ಕು ತುತ್ತು ಉಂಡರು. ಎಂಟನೆಯ ದಿನದಿಂದ ಮತ್ತೆ ಐದೂಕಾಲಿಗೇ ದೀಪ. ಸ್ಥಳ ಸರಿ ಇತ್ತು, ಸಮಯ ಸರಿ ಇತ್ತು. ನಾನು, “ಇನ್ನೂ ಮುಳುಗಿಲ್ಲ” ಎಂದರೆ ಅತ್ತೆ, “ಮಿಷನ್ ಸುಳ್ಳು ಹೇಳ್ತದಾ ಮಾಷೇ?” ಎನ್ನುತ್ತಿದ್ದರು.

ವಯರ್‌ಮ್ಯಾನ್ ಬಂದು ಕರೆಂಟಿನ ಏರಿಳಿತ ಎಂದ. ಗಣಿತದ ಟೀಚರ್ ಪ್ಲಗ್ಗಿನೊಳಗೆ ಹಲ್ಲಿ ಹೊಕ್ಕಿರಬೇಕು ಎಂದರು. ನಾನು ಒಂದು ನೋಟುಬುಕ್ಕು ಮಾಡಿ ಗೆರೆ ಎಳೆದು ಬರೆಯತೊಡಗಿದೆ: ದೀಪ ಹೊತ್ತಿದ ಸಮಯ, ನಿಜವಾದ ಸೂರ್ಯಾಸ್ತ, ಮಳೆ ಇತ್ತೇ ಇಲ್ಲವೇ. ಸಮಯವನ್ನು ಆ್ಯಪೇ ಬರೆದಿಟ್ಟಿರುತ್ತದೆ. ಹನ್ನೊಂದು ದಿನದ ಮೇಲೆ ನೋಡಿದರೆ ಮಳೆಗೂ ದೀಪಕ್ಕೂ ಸಂಬಂಧ ಕಾಣಲಿಲ್ಲ. ಬಸ್ಸಿಗೆ ಸಂಬಂಧವಿತ್ತು. ನನ್ನ ಬಸ್ಸು ತಡವಾದ ದಿನ ಸೂರ್ಯಾಸ್ತವೂ ತಡವಾಗಿತ್ತು. ಬಸ್ಸಿನ ಸದ್ದು ತಿರುವಿನಲ್ಲಿ ಕೇಳಿಸಿ ನಾನು ಗೇಟು ತೆರೆಯುವುದರೊಳಗೆ ನಮ್ಮ ಮನೆಯ ಸೂರ್ಯ ಮುಳುಗುತ್ತಿತ್ತು. ಭಾನುವಾರ ಮಾತ್ರ ಸಮಯಕ್ಕೆ ಸರಿಯಾಗಿ, ಆರೂ ಐವತ್ತಕ್ಕೆ. ಭಾನುವಾರ ನಾವು ಚೇಚಿಯ ಮನೆಯಲ್ಲಿ ಉಣ್ಣುತ್ತಿದ್ದೆವು.

ಆ ಸೋಮವಾರ ಬಸ್ಸಿಗಿಂತ ಮೊದಲೇ ಒಬ್ಬರ ಜೀಪಿನಲ್ಲಿ ಬಂದೆ. ಹಿಂದಿನ ಬಾಗಿಲಿಂದ ಒಳಗೆ ಹೋಗಿ ನಿಂತೆ. ದೂರದಲ್ಲಿ ಬಸ್ಸು ಹಾರನ್ ಹಾಕಿತು. ಅತ್ತೆ ಎದ್ದರು. ಗೋಡೆ ಸವರಿಕೊಂಡು ಪ್ಲಗ್ಗಿನ ಹತ್ತಿರ ಹೋದರು. ಅದರ ಪಕ್ಕದಲ್ಲಿರುವ ಸಣ್ಣ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿದರು. ದೀಪ ಹೊತ್ತಿತು.

“ಅತ್ತೆ.”

ಅವರು ತಿರುಗಲಿಲ್ಲ. “ಬೇಗ ನಿಲ್ಲಿಸೋದು ಪಾಪವಲ್ಲ. ಎರಡು ಘಳಿಗೆ ಮುಂಚೆಯೇ ನಿಲ್ಲಿಸಬೇಕು ಅಂತ ಶಾಸ್ತ್ರ ಇದೆ.”

“ಎರಡು ಘಳಿಗೆ ಅಂದರೆ ನಲವತ್ತೆಂಟು ನಿಮಿಷ. ನೀವು ಒಂದೂವರೆ ಗಂಟೆ ಮುಂಚೆ ನಿಲ್ಲಿಸ್ತಿದ್ದೀರಿ.”

ಅತ್ತೆ ನಿಧಾನವಾಗಿ ಕೂತರು.

“ಮಾಷೇ, ನಾಲ್ಕು ತಿಂಗಳು ಒಂದೇ ಹೆಸರುಬೇಳೆ ಸಾರು. ಬೆಳಿಗ್ಗೆ ಮಾಡಿದ್ದು ಸಂಜೆಗೆ ಗೋಡೆಗೆ ಬಳಿಯೋ ಗಾರೆ ಥರ ಆಗ್ತದೆ. ಉಪ್ಪು ಒಂದು ದಿನ ಇಲ್ಲ, ಮರುದಿನ ಅದರ ಬಡ್ಡಿ ಸಮೇತ ಇರ್ತದೆ. ಅದಕ್ಕಿಂತ ಸೂರ್ಯ ಮುಳುಗೋದೇ ವಾಸಿ ಅನ್ನಿಸ್ತು.”

“ನನಗೆ ಹೇಳಬಹುದಿತ್ತಲ್ಲ?”

“ಹೆಂಡತಿ ಹೋದವರಿಗೆ ಉಪ್ಪು ಹೆಚ್ಚಾಯ್ತು ಅಂತ ಯಾವ ಬಾಯಲ್ಲಿ ಹೇಳಲಿ? ಅವಳೂ ಮೊದಮೊದಲು ಹೀಗೇ ಮಾಡ್ತಿದ್ದಳು. ಅವಳು ಮಗಳು, ಬೈದು ಬೈದು ಕಲಿಸಿದೆ. ಅಳಿಯನಿಗೆ ಬೈಯೋಕೆ ಬರೋದಿಲ್ಲ.”

ನಾನೂ ಅವರ ಎದುರು ನೆಲದ ಮೇಲೆ ಕೂತೆ. “ಬೈಯಿರಿ ಅತ್ತೆ” ಎಂದೆ.

ಅತ್ತೆ ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ದೀಪ ತಾನಾಗಿ ಹೊತ್ತಬೇಕಾದ ಸಮಯ ಕಳೆದರೂ ಮುಗಿಯಲಿಲ್ಲ.

೫. ಪಾಯಸದ ದಿನ

ಈಗ ನಾನು ಶಾಲೆಯಿಂದ ಬಂದ ಮೇಲೆಯೇ ಅಡುಗೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿ ಕೂತು, ಒಗ್ಗರಣೆಯ ಸದ್ದು ಕೇಳಿಯೇ ತಪ್ಪು ಹಿಡಿಯುತ್ತಾರೆ. “ಸಾಸಿವೆ ಇನ್ನೂ ಮಾತಾಡಲಿಲ್ಲ, ಬೇಳೆಗೆ ಏನು ಅವಸರ?” ನೇಂದ್ರ ಬಾಳೆಕಾಯಿಯ ಪಲ್ಯ ಕಲಿತೆ. ಹಲಸಿನ ಬೀಜದ ಸಾರು ಕಲಿತೆ. ಕಳೆದ ಸಲ ನೋಡಿದಾಗ ಅತ್ತೆಯ ತೂಕ ಒಂದೂವರೆ ಕಿಲೋ ಏರಿತ್ತು. ಮನೆಗೆ ಬಂದು ಹೆಂಡತಿಯ ಫೋಟೋದ ಮುಂದೆ, “ಉಂಡರು” ಎಂದೆ.

ಆಗಸ್ಟ್ ಕೊನೆಯ ಒಂದು ಸಂಜೆ ಮೊದಲ ಬಾರಿಗೆ ನೇಂದ್ರಹಣ್ಣಿನ ಪಾಯಸ ಮಾಡಿದೆ. ಹಣ್ಣು ಬೇಯುವುದು ನಿಧಾನವಾಗಿ, ಊಟಕ್ಕೆ ಕೂರುವಾಗ ಆರೂಕಾಲು. ಅತ್ತೆ ಮೊದಲ ಚಮಚ ಬಾಯಿಗಿಟ್ಟರು. ನಾನು ಬೈಗುಳಕ್ಕೆ ಸಿದ್ಧನಾಗಿ ಕೂತೆ. ಬೈಗುಳ ಬರಲಿಲ್ಲ. ಎರಡನೆಯ ಬಟ್ಟಲು ಕೇಳಿದರು. ಅದು ಅರ್ಧವಾಗುವಾಗ ಜಗಲಿಯಲ್ಲಿ ದೀಪ ಹೊತ್ತಿತು.

ಈ ಸಲ ಗುಂಡಿಯನ್ನು ಯಾರೂ ಒತ್ತಿರಲಿಲ್ಲ. ನಿಜವಾದ ಸೂರ್ಯಾಸ್ತ.

ಅತ್ತೆ ಬಟ್ಟಲು ಕೆಳಗಿಟ್ಟರು. ವ್ರತ ವ್ರತವೇ. ಕೈ ತೊಳೆದು, ಬಾಯಿ ಮುಕ್ಕಳಿಸಿ ಬಂದು ಕೂತು, ದೀಪದ ಕಡೆಗೆ ಮುಖ ಮಾಡಿದರು.

“ಮಾಷೇ, ಆ ಪ್ಲಗ್ಗು ಚೀನಾದ ಸೂರ್ಯನನ್ನು ತೋರಿಸಿತ್ತಲ್ಲ, ಬೇರೆ ಊರಿನದ್ದೂ ತೋರಿಸ್ತದಾ?”

“ತೋರಿಸ್ತದೆ ಅತ್ತೆ. ಯಾವ ಊರು ಹೇಳಿದರೆ ಆ ಊರಿನದ್ದು.”

“ಚೇಚಿಯ ಗಂಡ ಇರೋ ದುಬೈಯಲ್ಲಿ ಎಷ್ಟು ಗಂಟೆಗೆ ಮುಳುಗ್ತದೆ?”

ಫೋನು ತೆಗೆದು ನೋಡಿದೆ. “ನಮ್ಮ ಗಡಿಯಾರದಲ್ಲಿ ಎಂಟೂಕಾಲಿಗೆ.”

ಅತ್ತೆ ಮನಸ್ಸಿನಲ್ಲೇ ಲೆಕ್ಕ ಹಾಕಿ, ಬಹಳ ಗಂಭೀರವಾಗಿ ಹೇಳಿದರು:

“ಪಾಯಸದ ದಿನ ಮಾತ್ರ ನಾವು ದುಬೈಯಲ್ಲಿರೋಣ.”